ಮಿಲ್ಲಿನ ಬಾಗಿಲು ಯಾವ ದಿಕ್ಕಿಗಿತ್ತು?

ಮೊನ್ನೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತಾ ಕೂತಿದ್ದಾಗ ಎದುರಿಗಿದ್ದ ಹಿರಿಯರೊಬ್ಬರು ಮಿಲ್ಲುಗಳ ಮಾತು ತೆಗೆದರು. "ಹೆಬ್ಬಾಗಿಲು ದಕ್ಷಿಣಕ್ಕಿತ್ತು ನೋಡ್ರಿ ಮೇಷ್ಟ್ರೇ, ಅದಕ್ಕೇ ಮುಳುಗಿದ್ವು." ಪಕ್ಕದವರು ಒಪ್ಪಲಿಲ್ಲ. "ವಾಸ್ತು ಅಲ್ರೀ, ಮಂದಿಗೆ ಮೈ ಬಗ್ಗಿಸಾಕೆ ಆಗವಲ್ದು."

ಮೊದಲನೆಯದಕ್ಕೆ ಉತ್ತರ ಸುಲಭ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ಎಂಟೂ ದಿಕ್ಕಿಗೆ ಬಾಗಿಲಿದ್ದಿರಬೇಕು. 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ನಂತರ ಅವೂ ಒಂದೊಂದಾಗಿ ಮುಚ್ಚಿದವು. ಹಳೇ ಯಂತ್ರಗಳಿಗೆ ಪವರ್‌ಲೂಮ್‌ಗಳ ಜೊತೆ, ಸಿಂಥೆಟಿಕ್ ಬಟ್ಟೆಯ ಜೊತೆ ಸೆಣಸಲಾಗಲಿಲ್ಲ. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡ ನಮ್ಮೂರಿನ ಕಥೆ ಬೇರೆಯಾಗಲು ಕಾರಣವೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಎರಡನೆಯ ಮಾತಿಗೆ, ಏಕೆಂದರೆ ಅದನ್ನು ಓದಿದವರೂ ನಂಬುತ್ತಾರೆ.

ಮೈ ಬಗ್ಗಿಸುವುದರಿಂದಲೇ ದುಡ್ಡು ಬರುವುದಾಗಿದ್ದರೆ ಮಂಡಕ್ಕಿ ಭಟ್ಟಿಯವರು ಈ ಊರಿನ ಕುಬೇರರಾಗಿರಬೇಕಿತ್ತು. ಒಮ್ಮೆ ಭಟ್ಟಿಯೊಳಗೆ ನಿಂತು ನೋಡಿ. ಕಾದ ಮರಳಿಗೆ ಉಪ್ಪು ಹಿಡಿಸಿದ ಅಕ್ಕಿ ಬೀಳುತ್ತದೆ, ಕ್ಷಣದಲ್ಲಿ ಚಟಪಟ ಅರಳುತ್ತದೆ. ಅಷ್ಟರೊಳಗೆ ಬಾಚಿ ಜರಡಿಗೆ ಹಾಕಿ ಮರಳು ಉದುರಿಸಬೇಕು, ತಡವಾದರೆ ಸೀಯುತ್ತದೆ. ಹೊಗೆಗೆ ಕಣ್ಣು ಕೆಂಪು, ಗೋಡೆ ಕಪ್ಪು. ಅದೇ ಊರಿನಲ್ಲಿ ಏಸಿ ಕೋಣೆಯಲ್ಲಿ ಕೀಲಿಮಣೆ ಒತ್ತುವವರು ಇವರ ಹಲವು ಪಟ್ಟು ಗಳಿಸುತ್ತಾರೆ. ಬೆವರಿನ ಲೆಕ್ಕದಿಂದ ಇದು ಅರ್ಥವಾಗುವುದಿಲ್ಲ.

ಇದನ್ನು ಬಹಳ ಹಿಂದೆಯೇ ಗಮನಿಸಿದವನು ಇಂಗ್ಲೆಂಡಿನ ವಿಲಿಯಂ ಪೆಟ್ಟಿ. ವೃತ್ತಿಯಿಂದ ವೈದ್ಯ, ಐರ್ಲೆಂಡಿನ ಜಮೀನನ್ನೆಲ್ಲ ಅಳತೆ ಮಾಡಿಸಿದವನು, ಏನು ಕಂಡರೂ ಎಣಿಸುವ ಚಟದವನು. ಅವನು ಸತ್ತ ಮೇಲೆ, 1690ರಲ್ಲಿ ಅಚ್ಚಾದ ಪುಸ್ತಕದಲ್ಲಿ ಒಬ್ಬ ನಾವಿಕ ಮೂವರು ಬೇಸಾಯಗಾರರಿಗೆ ಸಮ ಎಂಬ ಲೆಕ್ಕವಿದೆ. ಬೇಸಾಯಕ್ಕಿಂತ ಕೈಗಾರಿಕೆಯಲ್ಲಿ, ಅದಕ್ಕಿಂತ ವ್ಯಾಪಾರದಲ್ಲಿ ಗಳಿಕೆ ಹೆಚ್ಚು ಎಂದ. ಎರಡೂವರೆ ಶತಮಾನದ ನಂತರ, 1940ರಲ್ಲಿ, ಅರ್ಥಶಾಸ್ತ್ರಜ್ಞ ಕಾಲಿನ್ ಕ್ಲಾರ್ಕ್ ಹಲವು ದೇಶಗಳ ಅಂಕಿಅಂಶ ಹರಡಿ ನೋಡಿದಾಗ ದೇಶ ಸಿರಿವಂತವಾದಂತೆ ಜನ ಹೊಲ ಬಿಟ್ಟು ಕಾರ್ಖಾನೆಗೆ, ಆಮೇಲೆ ಶಾಲೆ, ಆಸ್ಪತ್ರೆ, ಅಂಗಡಿಯಂಥ ಸೇವೆಗಳಿಗೆ ಸರಿಯುವುದು ಕಂಡಿತು.

ಈಗ ನನ್ನ ಪ್ರೀತಿಯ ಲೆಕ್ಕಕ್ಕೆ ಬರುತ್ತೇನೆ. ಜಗಳೂರಿನ ಕಡೆ ನಾಲ್ವರು ಅಣ್ಣತಮ್ಮಂದಿರು, ನಾಲ್ಕು ಎಕರೆ ಮೆಕ್ಕೆಜೋಳ, 80 ಕ್ವಿಂಟಲ್ ಫಸಲು ಎಂದುಕೊಳ್ಳಿ. ತಲೆಗೆ 20. ಕಿರಿಯವನು ಬೆಂಗಳೂರಿಗೆ ಹೋದ. ಫಸಲು 60ಕ್ಕೆ ಇಳಿಯಿತೇ? ಇಲ್ಲ, 78 ಬಂತು. ಮೂವರ ಕೆಲಸವನ್ನೇ ನಾಲ್ವರು ಹಂಚಿಕೊಂಡಿದ್ದರು. ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಬರೆದದ್ದು ಇದನ್ನೇ. 1979ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಹೊಲದಲ್ಲಿ ಈಗ ತಲೆಗೆ 26. ಅತ್ತ ಕಿರಿಯವನು ಕಾರ್ಖಾನೆಯಲ್ಲಿ 60 ಕ್ವಿಂಟಲ್ ಬೆಲೆಯಷ್ಟು ಉತ್ಪಾದಿಸುತ್ತಾನೆ. ಒಟ್ಟು 138. ಮಳೆ ಅಷ್ಟೇ, ಬೀಜ ಅದೇ, ಒಬ್ಬ ಜಾಗ ಬದಲಿಸಿದ ಅಷ್ಟೇ.

ಇದು ಬರೀ ಸರಾಸರಿಯ ಮೋಸ ಎನ್ನುವವರಿಗೆ ನಮ್ಮ ಶಾಲೆಯ ಉದಾಹರಣೆ. ಎ ಸೆಕ್ಷನ್‌ನಲ್ಲಿ ಇಬ್ಬರು, 90 ಮತ್ತು 60 ಅಂಕ. ಬಿ ಸೆಕ್ಷನ್‌ನಲ್ಲಿ 50 ಮತ್ತು 40. ಅರವತ್ತರವನನ್ನು ಬಿ ಸೆಕ್ಷನ್‌ಗೆ ಕಳಿಸಿದರೆ ಎ ಸರಾಸರಿ 75ರಿಂದ 90ಕ್ಕೆ, ಬಿ ಸರಾಸರಿ 45ರಿಂದ 50ಕ್ಕೆ ಏರುತ್ತದೆ. ಹೆಡ್ ಮಾಸ್ತರರಿಗೆ ಎರಡು ಶಹಬ್ಬಾಸ್, ಆದರೆ ಒಬ್ಬ ಹುಡುಗನೂ ಒಂದಕ್ಷರ ಹೆಚ್ಚು ಕಲಿತಿಲ್ಲ. ಅಣ್ಣತಮ್ಮಂದಿರದ್ದು ಇಂಥ ಕಣ್ಕಟ್ಟಲ್ಲ. ಶಾಲೆಯ ಹುಡುಗ ಅರವತ್ತು ಅಂಕವನ್ನು ಹೊತ್ತುಕೊಂಡೇ ಹೋದ. ಕಿರಿಯ ತಮ್ಮನಿಗೆ ಹೋದ ಜಾಗದಲ್ಲಿ ಯಂತ್ರ, ಕರೆಂಟು, ಮಾರುಕಟ್ಟೆ ಎಲ್ಲ ಸಿಕ್ಕಿ ಅವನ ಅಂಕವೇ ಬೇರೆಯಾಯಿತು. ಹೊಂಡದಲ್ಲಿದ್ದ ಮೀನನ್ನು ಕೆರೆಗೆ ಬಿಟ್ಟಂತೆ, ಸಸಿ ಮಡಿಯಿಂದ ಕಿತ್ತ ಭತ್ತವನ್ನು ಭದ್ರಾ ನಾಲೆಯ ಗದ್ದೆಗೆ ನಾಟಿ ಮಾಡಿದಂತೆ. ಸಾಕು, ಉಪಮೆ ಹೆಚ್ಚಾದವು.

ಈಗ ಮಿಲ್ಲಿಗೆ ವಾಪಸ್ ಬರೋಣ. ನಾಟಿ ಉಲ್ಟಾ ಆದರೆ? ಹಳೇ ಮಿಲ್ಲು ಮುಚ್ಚಿದಾಗ ಮಗ್ಗದ ಮುಂದೆ ನಿಂತಿದ್ದವನು ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲನಾದ, ಇಲ್ಲವೇ ತಳ್ಳುಗಾಡಿ ಹಿಡಿದ. ತಮಾಷೆಯೆಂದರೆ, ಕುಂಟುತ್ತಿದ್ದ ಮಿಲ್ಲುಗಳು ಪಟ್ಟಿಯಿಂದ ಬಿದ್ದುಹೋದ ಕೂಡಲೇ ಉಳಿದವುಗಳ ಸರಾಸರಿ ಉತ್ಪಾದಕತೆ, ಅಂದರೆ ತಲೆಗೆ ಬರುವ ಹುಟ್ಟುವಳಿ, ಕಾಗದದ ಮೇಲೆ ಏರುತ್ತದೆ. ಅದೇ ಎ ಸೆಕ್ಷನ್ ಕಣ್ಕಟ್ಟು. ಅರ್ಥಶಾಸ್ತ್ರಜ್ಞರಾದ ಮ್ಯಾಕ್‌ಮಿಲನ್ ಮತ್ತು ರೋಡ್ರಿಕ್ 2011ರಲ್ಲಿ 38 ದೇಶಗಳ 1990ರಿಂದ 2005ರವರೆಗಿನ ಲೆಕ್ಕ ತೆಗೆದಾಗ ಕಂಡದ್ದೂ ಇದು: ಏಷ್ಯಾದಲ್ಲಿ ಜನರ ಈ ಸರಿದಾಟ ಬೆಳವಣಿಗೆಗೆ ಕೂಡಿಕೊಂಡಿತು, ಲ್ಯಾಟಿನ್ ಅಮೆರಿಕದಲ್ಲಿ ಅದನ್ನೇ ತಿಂದಿತು. ಅಲ್ಲಿನ ಕಾರ್ಖಾನೆಗಳು ಚುರುಕಾದವು, ಹೊರಬಿದ್ದವರು ಇನ್ನೂ ಕಡಿಮೆ ಹುಟ್ಟುವಳಿಯ ಕೆಲಸಕ್ಕೆ ಇಳಿದರು.

ದಾವಣಗೆರೆಗೆ ಇನ್ನೊಂದು ಬಾಗಿಲೂ ಇತ್ತೆನ್ನಿ. 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಹಾಸ್ಟೆಲು, ಮೆಸ್ಸು, ಜೆರಾಕ್ಸ್ ಅಂಗಡಿಗಳಲ್ಲಿ ಊರು ಉಸಿರಾಡಿತು. ಆದರೆ ಆ ಬಾಗಿಲಿನಲ್ಲಿ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ನಲವತ್ತೈದರ ಮಗ್ಗದವನು ಒಳಗೆ ಹೋಗಲಾರ. ಹೋದರೆ ಅವನ ಮಗಳು.

ಸೇವೆಗಳಿಗೆ ಇನ್ನೊಂದು ತೊಡಕಿದೆ. 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ ಸಂಗೀತದ ಉದಾಹರಣೆ ಕೊಟ್ಟು ಹೇಳಿದ: ನಾಲ್ವರು ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಈಗಲೂ ನಾಲ್ವರೇ ಬೇಕು. ನಮ್ಮ ಕಂಪನಿ ನಾಟಕಗಳೂ ಹಾಗೆಯೇ, ಮೂರು ತಾಸಿನ ನಾಟಕವನ್ನು ಒಂದು ತಾಸಿನಲ್ಲಿ ಓಡಿಸಿದರೆ ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರೆ. ಕ್ಷೌರಿಕನ ಕತ್ತರಿ ಮೊದಲಿನಷ್ಟೇ ವೇಗ, ದರ ಮಾತ್ರ ಏರಿದೆ. ಏರಿಸದಿದ್ದರೆ ಅವನೂ ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಹಾಗಾಗಿ ಎಲ್ಲರೂ ಇಂಥ ಕೆಲಸಗಳಿಗೇ ಬಂದು ಸೇರಿದರೆ ದೇಶದ ಒಟ್ಟು ಓಟ ನಿಧಾನವಾಗುತ್ತದೆ.

ಆದರೆ ನಾವಿನ್ನೂ ಆ ಹಂತದ ಚಿಂತೆ ಮಾಡುವಷ್ಟು ದೂರ ಬಂದಿಲ್ಲ. ಕೇಂದ್ರದ ಸಮೀಕ್ಷೆಯ ಪ್ರಕಾರ 2018–19ರಲ್ಲಿ ದೇಶದ ದುಡಿಯುವವರಲ್ಲಿ ಕೃಷಿಯಲ್ಲಿದ್ದವರು ಶೇ 42.5. 2020–21ಕ್ಕೆ ಅದು ಶೇ 46.5ಕ್ಕೆ ಏರಿತು, 2023–24ರಲ್ಲೂ ಶೇ 46ರ ಆಸುಪಾಸಿನಲ್ಲೇ ಇತ್ತು. ದೇಶ ಉತ್ಪಾದಿಸುವ ಒಟ್ಟು ಮೌಲ್ಯದಲ್ಲಿ ಕೃಷಿಯ ಪಾಲು ಸುಮಾರು ಶೇ 18 ಮಾತ್ರ. ಅಂದರೆ ಲಾಕ್‌ಡೌನ್ ಹೊತ್ತಿಗೆ ನಮ್ಮ ಕಿರಿಯ ತಮ್ಮನೂ ಬ್ಯಾಗು ಹೊತ್ತು ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಅಣ್ಣಂದಿರು ಬಾ ಎಂದರು, ಕೈಗೆ ಕುಡಗೋಲು ಕೊಟ್ಟರು. ಆ ವರ್ಷವೂ ಫಸಲು 80 ಕ್ವಿಂಟಲ್, ಪಾಲು ನಾಲ್ಕು.