ಸೊಂಟ ಹಿಡಿದವರು ನೆಟ್ಟಗೆ ಕೂರಬೇಕಾ?

ಜೂನ್ ತಿಂಗಳ ಮೊದಲ ಮಳೆ. ಅಂಗಳದಲ್ಲಿದ್ದ ತೆಂಗಿನಕಾಯಿ ಗೋಣಿ ಒದ್ದೆಯಾಗುತ್ತದೆ ಅಂತ ಹಾಸಿಗೆಯಿಂದ ಎದ್ದವನೇ ಓಡಿ ಹೋಗಿ ಎತ್ತಿದೆ. ಜಗಲಿಗೆ ಇಡಲು ತಿರುಗುವಾಗ ಸೊಂಟದಲ್ಲಿ ಏನೋ ಚಳಕ್ ಅಂತು. ಗೋಣಿ ಅಲ್ಲೇ, ನಾನೂ ಅಲ್ಲೇ. ನಮ್ಮ ಉಡುಪಿ ಕಡೆ ಇದಕ್ಕೆ ಸಿದ್ಧ ಉತ್ತರವಿದೆ: ಎಣ್ಣೆ ತಿಕ್ಕು, ಬಿಸಿನೀರು ಹೊಯ್ದುಕೋ, ಎಂಟು ದಿನ ಅಲ್ಲಾಡದೆ ಮಲಗು. ಮೊದಲ ಎರಡರಿಂದ ಸ್ವಲ್ಪ ಹಾಯೆನಿಸಿತು. ಮೂರನೆಯದರಿಂದ ಬೆನ್ನು ಮರದ ಹಲಗೆಯಾಯಿತು.

ಮಲಗಿ ಪ್ರಯೋಜನವಿಲ್ಲ ಅನ್ನುವುದು ಹೊಸ ಸುದ್ದಿಯೇನಲ್ಲ. 1995ರಲ್ಲೇ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಸೊಂಟ ಹಿಡಿದ 186 ಜನರಲ್ಲಿ ಕೆಲವರಿಗೆ ಎರಡು ದಿನ ಮಲಗಲು ಹೇಳಿದರು, ಕೆಲವರಿಗೆ ವ್ಯಾಯಾಮ ಕೊಟ್ಟರು, ಉಳಿದವರಿಗೆ ನೋವು ತಡೆಯುವಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿರಿ ಅಂದರು. ಬೇಗ ಸುಧಾರಿಸಿದ್ದು ಕೊನೆಯವರು.

ನನ್ನ ಸೊಂಟ ಆ ಹೊತ್ತಿಗೇ ಯಾಕೆ ಹಿಡಿಯಿತು ಅಂತ ತಿಳಿಯಲು ಡಿಸ್ಕ್ ನೋಡಬೇಕು. ಸೊಂಟದಲ್ಲಿ ಐದು ಮೂಳೆ, ನಡುನಡುವೆ ಡಿಸ್ಕ್. ತೆಂಗಿನಕಾಯಿಯ ಹಾಗೆ ಹೊರಗೆ ನಾರು, ಒಳಗೆ ಬೊಂಡದ ಎಳೆ ಗಂಜಿಯಂಥ ಲೋಳೆ. ದೊಡ್ಡವರ ಡಿಸ್ಕ್‌ಗೆ ರಕ್ತನಾಳ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಅದಕ್ಕೆ ಬೇಕಾದ್ದು ಸುತ್ತಲಿಂದ ಇಂಗಿಯೇ ಒಳಗೆ ಬರಬೇಕು. ನೆಲ ಒರೆಸುವ ಬಟ್ಟೆಯನ್ನು ಹಿಂಡಿ ಬಿಟ್ಟ ಹಾಗೆ, ಭಾರ ಬಿದ್ದಾಗ ನೀರು ಹೊರಗೆ, ಭಾರ ಇಳಿದಾಗ ಒಳಗೆ. ರಾತ್ರಿಯಿಡೀ ಮಲಗಿದಾಗ ನೀರು ಕುಡಿದು ಡಿಸ್ಕ್ ಉಬ್ಬುತ್ತದೆ, ಅದಕ್ಕೇ ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್ ಬಗ್ಗಲು ಒಪ್ಪುವುದಿಲ್ಲ, ಬಲವಂತ ಮಾಡಿದರೆ ನಾರಿನ ಮೇಲೆ ಎಳೆತ ಜಾಸ್ತಿ. ಅಂದರೆ ಗೋಣಿ ಎತ್ತಲು ನಾನು ಆರಿಸಿಕೊಂಡದ್ದು ದಿನದ ಅತಿ ಕೆಟ್ಟ ಗಳಿಗೆ! ಈಗ ಎದ್ದು ಒಂದು ಗಂಟೆ ಬಗ್ಗುವ ಕೆಲಸವೇ ಇಲ್ಲ. ಅಂಗಳ ಗುಡಿಸುವುದು ಚಾ ಆದ ಮೇಲೆ, ಅದೂ ಉದ್ದ ಹಿಡಿಯ ಪೊರಕೆಯಲ್ಲಿ.

ನೆಟ್ಟಗೆ ಕೂರು ಅನ್ನುವ ಉಪದೇಶ ಸಿಕ್ಕಿದವರೆಲ್ಲ ಕೊಟ್ಟರು. 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಬ್ಬ ವ್ಯಕ್ತಿಯ ಡಿಸ್ಕ್‌ನೊಳಗೇ ಸಣ್ಣ ಸೆನ್ಸರ್ ಇಟ್ಟು ಒತ್ತಡ ಅಳೆದರು. ಒಬ್ಬನೇ ಒಬ್ಬ, ಹಾಗಾಗಿ ಪೂರ್ತಿ ನೆಚ್ಚಿಕೊಳ್ಳಬೇಡಿ. ಆದರೂ ಮಜಾ ಇದೆ. ನಿಂತಾಗ ಒತ್ತಡ 0.5 ಮೆಗಾಪ್ಯಾಸ್ಕಲ್, ಒರಗದೆ ಕೂತಾಗ ಸುಮಾರು ಅಷ್ಟೇ, ಕುರ್ಚಿಯಲ್ಲಿ ಜಾರಿ ಒರಗಿದಾಗ ಇನ್ನೂ ಕಡಿಮೆ! 20 ಕಿಲೋ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1, ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ಬೆನ್ನು ಗೂನಾಗಿಸಿ ನೆಲದಿಂದ ಎತ್ತಿದಾಗ 2.3. ಕೂರುವ ಭಂಗಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವ ನಾವು ಗೋಣಿ ಮೈಗೆ ಎಷ್ಟು ಹತ್ತಿರ ಇದೆ ಅಂತ ನೋಡುವುದೇ ಇಲ್ಲ, ಅಲ್ವಾ?

ಹಾಗಾಗಿ ನಾನು ಬದಲಿಸಿದ್ದು ಸಣ್ಣಪುಟ್ಟದ್ದು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳುತ್ತೇನೆ. ಸೀನು ಬಂದರೆ ಗೋಡೆ ಹಿಡಿಯುತ್ತೇನೆ (ನಗಬೇಡಿ, ಮೊದಲ ವಾರ ಸೀನಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ). ಬಾವಿಯಿಂದ ಸೇದಿದ ಕೊಡಪಾನಕ್ಕೆ ಕಟ್ಟೆಯಾಚೆ ಕೈ ಚಾಚುತ್ತಿದ್ದವನು ಈಗ ಕಟ್ಟೆಗೆ ಹೊಟ್ಟೆ ತಾಗಿಸಿ ನಿಂತು ಹತ್ತಿರ ಎಳೆದುಕೊಳ್ಳುತ್ತೇನೆ. ಮಂಗಳೂರು ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಹೊಂಡ ಬಂದರೆ ಅಲ್ಲೇ ಜಾಸ್ತಿ ಎತ್ತಿ ಹಾಕುವುದು. ಸಂಜೆ ಮಲ್ಪೆಯ ಗಟ್ಟಿ ಮರಳಿನ ಮೇಲೆ ಹತ್ತು ನಿಮಿಷ ನಡಿಗೆ, ಮೂರನೇ ವಾರಕ್ಕೆ ಅದು ಅರ್ಧ ಗಂಟೆಯಾಯಿತು. ನಡೆಯುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಹೆಚ್ಚಾಗಿದ್ದರೆ ಮಾತ್ರ ಕಡಿಮೆ ಮಾಡುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ಮನೆಮದ್ದು ಬೇಡ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕಡಿಮೆಯಾಗುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಓಡಿ. ನರಗಳ ಕಟ್ಟು ಒತ್ತಿಹೋಗಿರಬಹುದು.

ನಮ್ಮ ಪಕ್ಕದ ಮನೆಯ ಅಕ್ಕ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಗೆರಸೆ, ಬಗ್ಗಿದ ಕುತ್ತಿಗೆ, ಗೂನಾದ ಬೆನ್ನು. ಸೊಂಟ ನೋಯುವುದಿಲ್ಲವಾ ಅಂತ ಕೇಳಿದೆ. ನೋಯುತ್ತದೆ, ಆದರೆ ಎಲ್ಲ ದಿನ ಒಂದೇ ಥರ ಅಲ್ಲ ಅಂದರು. ಮಾಮೂಲು ದಿನ ಒಂದು ಕಟ್ಟು ಮುಗಿಯುವುದರೊಳಗೆ ದನಕ್ಕೆ ಹುಲ್ಲು, ಒಲೆಯ ಮೇಲಿನ ಅನ್ನ, ಬಾಗಿಲಿಗೆ ಬಂದ ಮೀನಿನವಳು ಅಂತ ನಾಲ್ಕು ಸಲ ಏಳುತ್ತಾರೆ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹಿಂದಿನ ದಿನ ಲೆಕ್ಕ ತುಂಬಿಸಲು ಕೂತಲ್ಲಿಂದ ಅಲ್ಲಾಡುವುದಿಲ್ಲ. "ಆ ರಾತ್ರಿ ಮಾತ್ರ ಎಣ್ಣೆ ಬಾಟ್ಲಿ ತಲೆ ಹತ್ರವೇ ಇರ್ತದೆ ಮಾರಾಯ" ಅಂದರು.