ತೆಳ್ಳಗೂ ಇರಬೇಕು, ಅಗಲಕ್ಕೂ ಹೀರಬೇಕು: ರೇಡಾರ್ ಹೊದಿಕೆಯ ಹಳೆಯ ಜಗ್ಗಾಟ

ಲೋಹಕ್ಕೆ ಬಡಿದ ರೇಡಿಯೊ ತರಂಗವನ್ನು ಹಿಂದಕ್ಕೆ ಬಿಡದ ಹೊದಿಕೆ ಬೇಕು, ಅದು ತೆಳ್ಳಗೂ ಇರಬೇಕು, ಆವರ್ತನಗಳ ಅಗಲವಾದ ಪಟ್ಟಿಯನ್ನೂ ಹೀರಬೇಕು. ಈ ಬೇಡಿಕೆ ರೇಡಾರಿನಷ್ಟೇ ಹಳೆಯದು. 1936ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಪೇಟೆಂಟ್ ಆದ ಹೊದಿಕೆಯಲ್ಲೇ ಶಕ್ತಿ ಹೀರಲು ಇಂಗಾಲದ ಮಸಿ ಇತ್ತು, ದಪ್ಪ ಇಳಿಸಲು ಟೈಟಾನಿಯಂ ಡೈಆಕ್ಸೈಡ್ ಇತ್ತು.

ವಿನ್ಯಾಸ ಕಲಿಯುವವರು ಇಂದಿಗೂ ಶುರು ಮಾಡುವುದು ಅಮೆರಿಕದ ವಿನ್‌ಫೀಲ್ಡ್ ಸಾಲ್ಸ್‌ಬರಿ ಅವರ ಪರದೆಯಿಂದ; ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಲೋಹದಿಂದ ಕಾಲು ತರಂಗಾಂತರ ಮುಂದೆ, ಫೋಮ್‌ನಂಥ ಹಗುರ ಪದರದ ಮೇಲೆ, ಚದರಕ್ಕೆ (ಯಾವುದೇ ಅಳತೆಯ ಚೌಕ ತುಂಡಿಗೆ) 377 ಓಮ್ ರೋಧದ ಹಾಳೆ, ಅಷ್ಟೇ. ಅಷ್ಟು ದೂರದಿಂದ ನೋಡಿದರೆ ಹಿಂದಿನ ಲೋಹ ಇಲ್ಲದಂತೆಯೇ. ತರಂಗಕ್ಕೆ ಎದುರಾಗುವುದು ಹಾಳೆ ಮಾತ್ರ. ಅದರ ರೋಧ ಗಾಳಿ ತರಂಗಕ್ಕೆ ಒಡ್ಡುವ ತಡೆಗೆ (ಇಂಪಿಡೆನ್ಸ್) ಸರಿಸಮವಾದ್ದರಿಂದ ಏನೂ ವಾಪಸಾಗದು. 10 ಗಿಗಾಹರ್ಟ್ಸ್‌ಗೆ ಆ ಅಂತರ 7.5 ಮಿ.ಮೀ. ಹಿಂತಿರುಗುವ ಶಕ್ತಿ ಶೇ. 1 ಮೀರದ ಆವರ್ತನಗಳ ಪಟ್ಟಿ ಸುಮಾರು 8.7ರಿಂದ 11.3 ಗಿಗಾಹರ್ಟ್ಸ್, ಅಂದರೆ ಶೇ. 25ರಷ್ಟು ಅಗಲ.

ಕೈಯಲ್ಲಿ ಮಾಡಹೊರಟಾಗ ಕೆಡುವುದು ಸಣ್ಣ ಸಂಗತಿಗಳಿಂದ. ಇಂಗಾಲದ ಶಾಯಿ ಕೊಂಚ ದಪ್ಪವಾಗಿ ಅಚ್ಚಾಗಿ ರೋಧ 300 ಓಮ್‌ಗೆ ಇಳಿದರೆ ನಟ್ಟನಡುವಿನ ಆವರ್ತನದಲ್ಲೂ ಶೇ. 1.3 ಶಕ್ತಿ ಮರಳುತ್ತದೆ. ಹಾಗಾಗಿ ಅಂಟಿಸುವ ಮೊದಲೇ ಹಾಳೆಯನ್ನು ನಾಲ್ಕು ಮೊನೆಯ ಪ್ರೋಬ್‌ನಿಂದ ಹಲವೆಡೆ ಅಳೆಯಬೇಕು. ಒತ್ತಿ ಅಂಟಿಸುವಾಗ ಫೋಮ್ ಅರ್ಧ ಮಿ.ಮೀ. ಕುಗ್ಗಿದರೆ ಪಟ್ಟಿ ಮೇಲಕ್ಕೆ, 10.7 ಗಿಗಾಹರ್ಟ್ಸ್‌ನತ್ತ ಸರಿಯುತ್ತದೆ. ತರಂಗ 45 ಡಿಗ್ರಿ ಓರೆಯಾಗಿ ಬಂದರಂತೂ ಪಟ್ಟಿಯ ನಡು 14 ದಾಟುತ್ತದೆ.

ದಪ್ಪ ತಗ್ಗಿಸಲು ಫೋಮ್ ಬದಲು ಸರ್ಕ್ಯೂಟ್ ಬೋರ್ಡಿನ ಎಫ್‌ಆರ್-4 ಹಾಕೋಣ. ಅದರ ಪರ್ಮಿಟಿವಿಟಿ (ವಸ್ತುವಿನೊಳಗೆ ತರಂಗಾಂತರವನ್ನು ಕುಗ್ಗಿಸುವ ವಿದ್ಯುತ್ ಗುಣ) 4.4 ಎಂದುಕೊಂಡರೆ 3.6 ಮಿ.ಮೀ. ಸಾಕು. ಆದರೆ ಪಟ್ಟಿ ಶೇ. 12ಕ್ಕೆ ಕುಸಿಯುತ್ತದೆ. ದಪ್ಪ ಅರ್ಧವಾದರೆ ಅಗಲವೂ ಅರ್ಧ. ಇಡೀ ಜಗ್ಗಾಟ ಇಲ್ಲೇ ಕಣ್ಣಿಗೆ ಕಟ್ಟುತ್ತದೆ.

ಎರಡನೇ ಮಹಾಯುದ್ಧಕಾಲದ ಜರ್ಮನಿಯಲ್ಲಿ ಯೌಮನ್ ಎಂಬ ವಿಜ್ಞಾನಿ ಹಿಡಿದದ್ದು ಎದುರು ದಾರಿ: ಹೊರಗಿನಿಂದ ಒಳಕ್ಕೆ ರೋಧ ಇಳಿಯುತ್ತ ಹೋಗುವ ಹಲವು ಹಾಳೆಗಳು. ಪಟ್ಟಿ ಬಹಳ ಹಿಗ್ಗಿತು, ದಪ್ಪವೂ ಏರಿತು. 2008ರ ಮೆಟಾಮೆಟೀರಿಯಲ್ (ತರಂಗಾಂತರಕ್ಕಿಂತ ಪುಟ್ಟ ಲೋಹವಿನ್ಯಾಸಗಳಿಂದ ಗುಣ ಪಡೆವ ಕೃತಕ ವಸ್ತು) ಹೀರುಗ ತರಂಗಾಂತರಕ್ಕೆ ಹೋಲಿಸಿದರೆ ತೀರಾ ತೆಳು, ಆದರೆ ಹೀರಿದ್ದು ಕಿರಿದಾದ ಪಟ್ಟಿಯನ್ನಷ್ಟೇ.

ಈ ಜಗ್ಗಾಟಕ್ಕೆ ಲೆಕ್ಕದ ಗೆರೆ ಎಳೆದವರು ರಷ್ಯಾದ ರೊಜಾನೊವ್, 2000ದಲ್ಲಿ. ಅವರ ಸೂತ್ರದಂತೆ 2ರಿಂದ 18 ಗಿಗಾಹರ್ಟ್ಸ್‌ವರೆಗೆ ಶೇ. 1ಕ್ಕಿಂತ ಹೆಚ್ಚು ಮರಳದಿರಲು ಅಯಸ್ಕಾಂತೀಯವಲ್ಲದ ಹೊದಿಕೆಗೆ ಕನಿಷ್ಠ 15.5 ಮಿ.ಮೀ. ಬೇಕೇ ಬೇಕು, ಶೇ. 10 ಮರಳಿದರೂ ಸರಿ ಎಂದರೆ 7.8. ಒಳಗಿನ ಜ್ಯಾಮಿತಿ ಎಷ್ಟೇ ಜಾಣತನದ್ದಿರಲಿ, ಇದು ಬದಲಾಗದು. ಹಾಗಾಗಿ ಸಿಮ್ಯುಲೇಶನ್‌ಗೆ ಕೂರುವ ಮೊದಲು ಸೂತ್ರದ ಈ ಒಂದು ಲೆಕ್ಕ ಮಾಡಬೇಕು. ಸೂತ್ರದಲ್ಲಿ ತೆರೆದಿರುವ ಬಾಗಿಲು ಒಂದೇ, ಸ್ಥಿರ ಕಾಂತಕ್ಷೇತ್ರದಲ್ಲಿನ ಪರ್ಮಿಯಬಿಲಿಟಿ, ಅಂದರೆ ವಸ್ತು ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ. ಕಾರ್ಬೊನಿಲ್ ಕಬ್ಬಿಣದ (ಬಲು ನುಣ್ಣನೆಯ ಶುದ್ಧ ಕಬ್ಬಿಣ) ಪುಡಿ ಬೆರೆಸಿದ ರಬ್ಬರ್ ಆ ಬಾಗಿಲಿನಿಂದಲೇ ತೆಳ್ಳಗಾಗುತ್ತದೆ, ತೂಕ ಮಾತ್ರ ಫೋಮ್‌ಗಿಂತ ಎಷ್ಟೋ ಪಟ್ಟು ಹೆಚ್ಚು.