ಕೋಟೆಯ ಕಾಗೆ, ನಾಣ್ಯದ ಅಂಚು

ಲಂಡನ್ ಟವರ್ ಎಂಬ ಹಳೆಯ ಕೋಟೆ ನೋಡಿ ಬಂದವರ ಫೋನಿನಲ್ಲಿ ಕಾಗೆಯ ಫೋಟೊ ಒಂದಾದರೂ ಇರುತ್ತದೆ. ರೇವನ್ ಎಂಬ ದಢೂತಿ ಕಾಗೆ. ಅವು ಕೋಟೆ ಬಿಟ್ಟರೆ ರಾಜ್ಯವೇ ಮುಳುಗುತ್ತದಂತೆ. ತನ್ನ ದೂರದರ್ಶಕದ ಮೇಲೆ ಹಿಕ್ಕೆ ಹಾಕುತ್ತವೆಂದು ಖಗೋಳಜ್ಞ ಫ್ಲಾಮ್‌ಸ್ಟೀಡ್ ದೂರಿದರೂ ಎರಡನೇ ಚಾರ್ಲ್ಸ್ ದೊರೆ ಹೆದರಿ ಅವನ್ನು ಓಡಿಸಲಿಲ್ಲವಂತೆ. ಫ್ಲಾಮ್‌ಸ್ಟೀಡ್ 1675ರಲ್ಲಿ, ಗ್ರೀನಿಚ್ ವೀಕ್ಷಣಾಲಯ ಏಳುವ ಮೊದಲು, ಈ ಕೋಟೆಯ ಗೋಪುರ ಹತ್ತಿ ನಕ್ಷತ್ರ ನೋಡಿದ್ದು ನಿಜ. ಆದರೆ ಅಲ್ಲಿ ರೇವನ್ ಇದ್ದವೆನ್ನಲು ಸಿಕ್ಕಿರುವ ಅತಿ ಹಳೆಯ ದಾಖಲೆ 1883ರದ್ದು! ಇಷ್ಟಾದರೂ ಹಾರಿಹೋಗದಿರಲೆಂದು ಅವುಗಳ ಗರಿ ಕತ್ತರಿಸುತ್ತಾರೆ. ತಲೆಗೆ ಕಾಗೆ ಬಡಿಯಿತೆಂದು ಸ್ನಾನಕ್ಕೆ ಓಡುವ ನಮ್ಮವರನ್ನು ನೋಡಿ ನಕ್ಕವರೇ ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ನನಗೆ ಅಲ್ಲಿ ಖುಷಿ ಕೊಡುವುದು ಬೇರೊಂದು ಕತ್ತರಿಯ ಕಥೆ.

1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ, ಲಂಡನ್ನಿನ ಜನರನ್ನು ಅಂಕೆಯಲ್ಲಿಡಲು ಶುರುಮಾಡಿದ ಕೋಟೆ ಇದು. ಅರಮನೆ, ಸೆರೆಮನೆ ಆದದ್ದು ಗೊತ್ತೇ ಇದೆ. ಮೃಗಾಲಯವೂ ಆಗಿತ್ತು. 1252ರಲ್ಲಿ ನಾರ್ವೆಯ ದೊರೆ ಕಳಿಸಿದ ಬಿಳಿ ಕರಡಿ, ಕುತ್ತಿಗೆಗೆ ಹಗ್ಗ ಕಟ್ಟಿಸಿಕೊಂಡು ಥೇಮ್ಸ್ ನದಿಯಲ್ಲಿ ಮೀನು ಹಿಡಿಯುತ್ತಿತ್ತು. ಜೊತೆಗೆ ಐದು ಶತಮಾನ ಮೀರಿ ರಾಜನ ಟಂಕಸಾಲೆ ನಡೆದದ್ದೂ ಅಲ್ಲೇ.

ಆಗ ನಾಣ್ಯದ ಬೆಲೆಯೆಂದರೆ ಅದರಲ್ಲಿರುವ ಬೆಳ್ಳಿ. ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಯಾವುದೂ ಸರಿಯಾಗಿ ದುಂಡಗಿರುತ್ತಿರಲಿಲ್ಲ. ಕತ್ತರಿ ಇದ್ದವನಿಗೆ ಹಬ್ಬ. ಅಂಚಿನಿಂದ ಒಂದೆಳೆ ಬೆಳ್ಳಿ ತೆಗೆದು, ಉಳಿದದ್ದನ್ನು ಪೂರಾ ಬೆಲೆಗೇ ಚಲಾಯಿಸುವುದು. ಪಕ್ಕದ ಹೊಲದವನು ವರ್ಷವರ್ಷವೂ ಬದುವನ್ನು ಒಂದು ಗೇಣು ಒಳಕ್ಕೆ ಉತ್ತ ಹಾಗೆ. ಹುಡುಗರು ಹೋಳಿಗೆಯ ಅಂಚನ್ನು ಸುತ್ತಲೂ ಕಚ್ಚಿ, ದುಂಡಗೇ ಇದೆಯಲ್ಲ ಎಂದು ತಟ್ಟೆಗೆ ಮರಳಿಸಿದ ಹಾಗೆ. ಸಿಕ್ಕಿಬಿದ್ದರೆ ಮರಣದಂಡನೆ, ಆದರೂ ನಿಲ್ಲಲಿಲ್ಲ.

1662ರಿಂದ ಯಂತ್ರದ ನಾಣ್ಯ ಬಂತು: ಪಕ್ಕಾ ದುಂಡು, ಅಂಚಿನ ಸುತ್ತ ಗೀರು. ದೊಡ್ಡ ನಾಣ್ಯಗಳ ಅಂಚಿಗೆ ‘ಅಲಂಕಾರವೂ ರಕ್ಷಣೆಯೂ’ ಎಂಬ ಲ್ಯಾಟಿನ್ ಬರಹ. ಸೀರೆಗೆ ಜರಿಯಂಚು ಇದ್ದ ಹಾಗೆ. ಕತ್ತರಿಸಿದರೆ ಯಾರ ಕಣ್ಣಿಗೂ ಬೀಳುತ್ತದೆ. ನಿಮ್ಮ ಹತ್ತು ರೂಪಾಯಿ ನಾಣ್ಯದ ಅಂಚಿಗೆ ಉಗುರು ಎಳೆಯಿರಿ. ಕರಕರ ಎನ್ನುತ್ತದಲ್ಲ, ಅದೇ. ಕದಿಯಲು ಅದರಲ್ಲಿ ಬೆಳ್ಳಿಯೇ ಇಲ್ಲ, ಆ ಮಾತು ಬೇರೆ.

ಆದರೆ ಜನ ಹೊಸ ನಾಣ್ಯ ಬಚ್ಚಿಟ್ಟು, ಸವೆದದ್ದನ್ನೇ ಚಲಾಯಿಸಿದರು. ಕೊನೆಗೆ 1696ರಲ್ಲಿ ಹಳೆಯದನ್ನೆಲ್ಲ ವಾಪಸ್ ಪಡೆದು ಕರಗಿಸಬೇಕಾಯಿತು. ಅದೇ ವರ್ಷ ಟಂಕಸಾಲೆಗೆ ವಾರ್ಡನ್ ಎಂಬ ಅಧಿಕಾರಿಯಾಗಿ ಬಂದದ್ದು ಐಸಾಕ್ ನ್ಯೂಟನ್. ಗುರುತ್ವದ ಲೆಕ್ಕ ಬರೆದ ಕೈ ಈಗ ಖೋಟಾ ನಾಣ್ಯದವರ ವಿರುದ್ಧ ಸಾಕ್ಷಿ ಹೇಳಿಕೆ ಬರೆದುಕೊಳ್ಳತೊಡಗಿತು. ವಿಲಿಯಂ ಚಾಲೋನರ್ ಎಂಬ ಮಹಾ ಖೋಟಾಗಾರನನ್ನು ಬೆನ್ನುಹತ್ತಿ 1699ರ ಮಾರ್ಚ್‌ನಲ್ಲಿ ನೇಣಿಗೆ ಕಳಿಸಿದ.

19ನೇ ಶತಮಾನದ ಆರಂಭದಲ್ಲಿ ಟಂಕಸಾಲೆ ಕೋಟೆ ಬಿಟ್ಟಿತು, 1835ರಲ್ಲಿ ಮೃಗಾಲಯ ಮುಚ್ಚಿತು. ಆಗ ರಾಜ್ಯ ಮುಳುಗೀತೆಂದು ಯಾರೂ ಕಥೆ ಕಟ್ಟಲಿಲ್ಲ.